ಉಡಿ ತುಂಬಿಸಿಕೊಂಡವರ ವೋಟು

ಗುಣಕ್ಕನಿಗೆ ಚುನಾವಣೆಯ ಗುರುತಾಗಿ ಸಿಕ್ಕಿದ್ದು ಹೊಲಿಗೆ ಯಂತ್ರ. ಅವಳು ಕೇಳಿದ್ದು ಗ್ಯಾಸ್ ಒಲೆ. ಒಲೆಯನ್ನು ಇನ್ನೊಬ್ಬ ಪಕ್ಷೇತರ ಮೊದಲೇ ಬರೆಸಿಕೊಂಡುಬಿಟ್ಟಿದ್ದನಂತೆ. ಮರುದಿನ ಬೆಳಿಗ್ಗೆ ನಮ್ಮ ಗಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ಅವಳ ರೊಟ್ಟಿ ಕೇಂದ್ರದ ಮುಂದೆ ನಿಂತು, ಜಂಪರ್ ಹೊಲಿಯಲು ಯಾವಾಗಿನಿಂದ ತಗೋತೀ, ತೋಳಿಗೆ ಲೇಸು ಹಚ್ಚುತ್ತೀಯೋ ಇಲ್ಲೋ ಎಂದು ಕೇಳಿ ಹೋದರು. ಗುಣಕ್ಕನಿಗೆ ಕಿತ್ತುಹೋದ ಗುಂಡಿ ಹಚ್ಚಲೂ ಬರುವುದಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮೊದಲ ವೋಟು ಹಾಕ್ರಿ, ಆಮ್ಯಾಲ ಅಳತಿ ಕೊಡ್ರಿ" ಎನ್ನುತ್ತಿದ್ದಳು.

ನಾನು ಅವಳ ಪಕ್ಕದ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಗುಣಕ್ಕನ ಮನೆಯ ಪಡಸಾಲೆಯೇ ರೊಟ್ಟಿ ಕೇಂದ್ರ. ನಾವು ನಾಲ್ಕೈದು ಜನ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತೇವೆ. ಸನತ್‌ನಗರದ ಈ ಗಲ್ಲಿಯಲ್ಲಿ ಇರುವವರೆಲ್ಲ ರಾಯಚೂರು, ಲಿಂಗಸೂಗೂರು ಕಡೆಯಿಂದ ಈ ತೆಲುಗು ಶಹರಕ್ಕೆ ಫ್ಯಾಕ್ಟರಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದವು. ಮುಚ್ಚಿದ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳು ಎದ್ದವು. ಅವುಗಳಲ್ಲಿ ಸಾಫ್ಟ್‌ವೇರ್ ಕೆಲಸದವರು ಬಂದು ತುಂಬಿದರು. ಅವರಲ್ಲಿ ನಮ್ಮ ಕಡೆಯವರೂ, ಬೆಂಗಳೂರು ಮೈಸೂರಿನವರೂ ಇದ್ದುದರಿಂದ ಗುಣಕ್ಕನ ರೊಟ್ಟಿ ಖರ್ಚಾಗುತ್ತಿತ್ತು. ಅವಳ ಗಂಡ ವಿಠಲ ಮಾಮಾ ಸಾಫ್ಟ್‌ವೇರ್ ಕಂಪನಿಯವರನ್ನು ಕರೆದೊಯ್ಯುವ ಕ್ಯಾಬ್ ಓಡಿಸುತ್ತಿದ್ದ. ಒಟ್ಟಿನಲ್ಲಿ ಆ ಅಪಾರ್ಟ್‌ಮೆಂಟುಗಳು ಬಂದದ್ದರಿಂದ ನಮಗೆ ಕೆಟ್ಟದ್ದೇ ಆಯಿತು ಎನ್ನಲಾರೆ. ನೀರಿನ ವಿಷಯ ಮಾತ್ರ ಬೇರೆ.

ಮೊದಲು ದಿನಾ ನಸುಕಿನಲ್ಲಿ ಬರುತ್ತಿದ್ದ ನಳದ ನೀರು, ಅಪಾರ್ಟ್‌ಮೆಂಟುಗಳು ಬಂದ ಮೇಲೆ ದಿನ ಬಿಟ್ಟು ದಿನಕ್ಕೆ ಇಳಿಯಿತು. ಅದೂ ಹೊತ್ತೇರಿದ ಮೇಲೆ, ಹತ್ತು ಗಂಟೆ ದಾಟಿ. ಬೆಳಿಗ್ಗೆ ನೀರನ್ನು ಆ ಕಡೆಗೆ ತಿರುಗಿಸಿ, ಅವರ ಟ್ಯಾಂಕು ತುಂಬಿದ ಬಳಿಕ ನಮ್ಮ ಕಡೆ ಬಿಡುತ್ತಿದ್ದರು. ಹತ್ತು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ನಮ್ಮವ್ವ ಅಂಬವ್ವ ಅಮೀರ್‌ಪೇಟಿನ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಹೋಗುತ್ತಾಳೆ, ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಅಪ್ಪ ಶಾಂತಪ್ಪ, ತಾನು ಒಂದು ಕಾಲಕ್ಕೆ ದುಡಿದ, ಈಗ ಮುಚ್ಚಿರುವ ಫ್ಯಾಕ್ಟರಿಗೇ ಕಾವಲುಗಾರ. ಅಪ್ಪನ ತಾಯಿ ಬಸಲಿಂಗಮ್ಮ, ನಮ್ಮ ಆಯಿ, ಮೊಣಕಾಲು ನೋವಿನಿಂದ ಕೊಡ ಎತ್ತಲಾರಳು. ಹಾಗಾಗಿ ನೀರು ಬರುವ ದಿನ ನಾನು ಸಾಲೆ ತಪ್ಪಿಸಿ ಮನೆಯಲ್ಲಿ ಉಳಿಯುತ್ತಿದ್ದೆ. ವಾರದ ಅರ್ಧ ದಿನಗಳು ಬಾರದ ಹುಡುಗಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ? ಏಳನೆಯ ಕ್ಲಾಸಿಗೆ ನನ್ನ ಓದು ನಿಂತಿತು. ನಾನು ರೊಟ್ಟಿ ಬಡಿಯಲು ಹೋದ ಮೇಲೆ ನೀರಿನ ಪಾಳಿ ತಂಗಿ ನಿಖಿತಾಳಿಗೆ ಬಂತು. ಆ ವರ್ಷ ಅವಳು ಹತ್ತನೆಯ ಕ್ಲಾಸು. ಹೀಗೇ ಬಿಟ್ಟು ಬಿಟ್ಟು ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಟೀಚರು ಹೇಳಿ ಕಳಿಸಿದ್ದರು.

ಗಲ್ಲಿಯ ಬಹಳ ಮನೆಗಳಲ್ಲಿ ಇದೇ ಕಥೆ. ಗುಣಕ್ಕ ಹೆಂಗಸರನ್ನು ಕಟ್ಟಿಕೊಂಡು ನೀರಿನ ಆಫೀಸಿಗೆ ಹೋಗಿ ಬಂದಳು, ಕಾರ್ಪೊರೇಟರ್ ನರಸಿಂಹಣ್ಣನವರ ಮನೆಯ ಗೇಟಿಗೂ ಹೋಗಿ ನಿಂತು ಬಂದಳು. ನಮಗೆ ಹೆಚ್ಚಿಗೆ ನೀರು ಬೇಡ, ಬರುವ ನೀರನ್ನೇ ಸಾಲೆಗಿಂತ ಮೊದಲು ಬಿಡಿ ಎಂದು ಕೇಳಿದಳು. ಅವರು ಪ್ರತಿ ಸಲವೂ ಆಗಲಿ ಎಂದರು. ಏನೂ ಆಗಲಿಲ್ಲ. ನಗರಪಾಲಿಕೆ ಚುನಾವಣೆ ಬಂದಾಗ, ಯಾರಿಗೂ ಹೇಳದೆ ಹೋಗಿ ತಾನೇ ನಿಂತುಬಿಟ್ಟಳು.

ನಿಜವಾಗಿ ಕಣದಲ್ಲಿದ್ದವರು ಇಬ್ಬರೇ. ಒಬ್ಬರು ನರಸಿಂಹಣ್ಣ. ನಮ್ಮ ಗಲ್ಲಿ ಫ್ಯಾಕ್ಟರಿಯ ಯೂನಿಯನ್ ಕಾಲದಿಂದಲೂ ಅವರ ಪಕ್ಷಕ್ಕೇ ವೋಟು ಹಾಕುತ್ತಾ ಬಂದಿತ್ತು. ಇನ್ನೊಬ್ಬರು ಅಪಾರ್ಟ್‌ಮೆಂಟುಗಳನ್ನು ಕಟ್ಟಿಸಿದ ಸುಬ್ಬರಾಯರು. ಅವರು ಗೆದ್ದರೆ ಈಗ ಬರುವ ನೀರೂ ಅವರ ಕಟ್ಟಡಗಳಿಗೇ ಹೋಗುತ್ತದೆ ಎಂಬುದು ಅಪ್ಪನ ಹೆದರಿಕೆ. ಗುಣಕ್ಕನ ಹೆಸರು ಕೇಳಿದರೆ ಸಾಕು, ಅವನ ಮುಖ ಬಿಗಿಯುತ್ತಿತ್ತು. ಅವನು ಕೆಟ್ಟವನಲ್ಲ. ಗಲ್ಲಿಯ ವೋಟು ಒಡೆಯಬಾರದು ಎಂಬುದಷ್ಟೇ ಅವನ ಚಿಂತೆ. ಆ ಚಿಂತೆಯಲ್ಲೇ ಅವನಿಗೆ ಉಡಿ ತುಂಬಿಸುವ ಉಪಾಯ ಹೊಳೆಯಿತು.

ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬುವುದೆಂದರೆ ಸಣ್ಣ ಮಾತಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನಕೊಂಬು, ಕುಪ್ಪಸದ ಖಣ ಹಾಕಿ ಹರಸುತ್ತಾರೆ. ಉಡಿ ತುಂಬಿದ ಮನೆ ತವರಿನ ಸಮ. ಆ ಮನೆಗೆ ಎರಡು ಬಗೆಯಲು ಯಾವ ಹೆಂಗಸಿಗೂ ಮನಸ್ಸು ಬರುವುದಿಲ್ಲ. ನರಸಿಂಹಣ್ಣನವರು ತೆಲುಗಿನವರು, ಅವರಿಗೆ ಇದು ಗೊತ್ತಿರಲಿಲ್ಲ. ಅಪ್ಪನೇ ಹೋಗಿ ಹೇಳಿಕೊಟ್ಟ. ಗೌರಿ ಹುಣ್ಣಿಮೆಯ ದಿನ ನಿಮ್ಮ ಮನೆಯವರು ಬಂದು ನಮ್ಮ ಹೆಂಗಸರ ಉಡಿ ತುಂಬಲಿ, ಆಮೇಲೆ ಒಂದು ವೋಟೂ ಆಚೀಚೆ ಆಗುವುದಿಲ್ಲ ಎಂದ.

ಹುಣ್ಣಿಮೆಯ ಸಂಜೆ ಬಸವಣ್ಣನ ಗುಡಿಯಲ್ಲಿ ಹೆಂಗಸರು ಸಾಲಾಗಿ ಕೂತರು. ನರಸಿಂಹಣ್ಣನವರ ಹೆಂಡತಿ ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ತೆಳ್ಳಗೆ, ಮೆತ್ತಗೆ ಮಾತಾಡುವವರು. ನನಗೆ ತೆಲುಗು ಬರುತ್ತದೆ ಎಂದು ಅಪ್ಪ ನನ್ನನ್ನು ಅವರ ಜೊತೆಗೆ ಬಿಟ್ಟ. ನಾನು ಅಕ್ಕಿಯ ತಾಟು ಹಿಡಿದು ಅವರ ಹಿಂದೆ ಹಿಂದೆ ಹೋದೆ. ಅವರು ಬೊಗಸೆಯಲ್ಲಿ ಅಕ್ಕಿ ತೆಗೆದು ಸೆರಗಿಗೆ ಹಾಕುವರು, ಹೆಂಗಸು ತನ್ನ ಉಡಿಯಿಂದ ಒಂದು ಹಿಡಿ ತೆಗೆದು ನನ್ನ ತಾಟಿಗೆ ಮರಳಿ ಹಾಕಿ ಕಣ್ಣಿಗೆ ಒತ್ತಿಕೊಳ್ಳುವಳು. ಅದು ನಮ್ಮಲ್ಲಿ ರೂಢಿ, ಉಡಿ ತುಂಬಿದವರ ಮನೆ ಬರಿದಾಗಬಾರದು ಎಂದು. ಆಕೆ ನನ್ನ ಕಡೆ ಬಾಗಿ, ಯಾಕಮ್ಮಾ ವಾಪಸು ಹಾಕುತ್ತಿದ್ದಾರೆ, ಸಾಕಾಗಲಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದರು. ನನಗೆ ಬಿಡಿಸಿ ಹೇಳಲು ನಾಚಿಕೆಯಾಗಿ, ಇದು ನಮ್ಮ ಪದ್ಧತಿ ಎಂದಷ್ಟೇ ಹೇಳಿದೆ.

ಸಾಲಿನ ನಡುವೆ ಗುಣಕ್ಕ ಕೂತಿದ್ದಳು. ಹಬ್ಬದ ದಿನ, ಗುಡಿಗೆ ಬಂದಿದ್ದಳು, ಎಲ್ಲರೂ ಕೂತರೆಂದು ತಾನೂ ಕೂತಿದ್ದಳು. ಉಡಿ ಎದುರು ಬಂದಾಗ ಎದ್ದು ಹೋಗುವುದು ಮುತ್ತೈದೆಗೆ ಒಪ್ಪುವುದಿಲ್ಲ. ನರಸಿಂಹಣ್ಣನವರ ಹೆಂಡತಿಗೆ ಅವಳ ಗುರುತು ಇರಲಿಲ್ಲ. ಗುಣಕ್ಕ ಫೋಟೋ ಹಾಕಿದ ಪೋಸ್ಟರು ಮಾಡಿಸಿರಲಿಲ್ಲ. ಆಕೆ ಎಲ್ಲರಿಗೂ ಮಾಡಿದಂತೆ ಇವಳಿಗೂ ಕುಂಕುಮ ಹಚ್ಚಿ, ಉಡಿ ತುಂಬಿ, ನಮ್ಮವರಿಗೇ ವೋಟು ಹಾಕಮ್ಮಾ ಎಂದರು. ಗುಣಕ್ಕ ಹಿಡಿ ಅಕ್ಕಿ ನನ್ನ ತಾಟಿಗೆ ಹಾಕಿ, ತಲೆ ತಗ್ಗಿಸಿ ಕೂತಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಹಣೆಗೆ ಕೈ ಹಚ್ಚಿಕೊಂಡ. ಸಾಲಿನ ಕೊನೆಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಗಲ್ಲಿಯಲ್ಲಿ ಅದೇ ಮಾತು. ಗುಣವ್ವ ತನ್ನ ವೋಟು ತಾನೇ ನರಸಿಂಹಣ್ಣಗ ಹಾಕಬೇಕಾತಲ್ಲ ಎಂದು ಒಬ್ಬಳು, ಆಕಿ ಸೋತರ ಆಕಿಗೇ ಖುಷಿ ಎಂದು ಇನ್ನೊಬ್ಬಳು. ಆದರೆ ಮಧ್ಯಾಹ್ನದ ಹೊತ್ತಿಗೆ ನಗು ಕಡಿಮೆಯಾಯಿತು. ಉಡಿ ತುಂಬಿಸಿಕೊಂಡವರಿಗೆಲ್ಲ ಒಳಗೊಳಗೇ ಅಳುಕು ಶುರುವಾಗಿತ್ತು. ನರಸಿಂಹಣ್ಣನವರ ಕಡೆಯ ಹುಡುಗರು ಬೈಕಿನಲ್ಲಿ ತಿರುಗಿ, ಹೊಲಿಗೆ ಯಂತ್ರದಮ್ಮನೂ ನಮ್ಮ ಉಡಿ ಹಿಡಿದಿದ್ದಾಳೆ, ಅವಳು ನಮ್ಮ ಪರವಾಗಿ ಹಿಂದೆ ಸರಿದಿದ್ದಾಳೆ ಎಂದು ಸಾರಿಬಿಟ್ಟರು.

ಸಂಜೆ ಗುಣಕ್ಕ ನಮ್ಮ ಮನೆಗೆ ಬಂದಳು. ಮುಖ ಸಣ್ಣದಾಗಿತ್ತು, ಕಣ್ಣು ತುಂಬಿತ್ತು. ಅಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದ. ಅವಳು ಅವನ ಕಡೆ ನೋಡದೆ ಆಯಿಯ ಹತ್ತಿರ ಕೂತಳು. ನಾನು ನಿಂತದ್ದು ತಪ್ಪಾಯಿತು, ಇನ್ನು ಹೆಸರು ವಾಪಸು ತೆಗೆಯಲೂ ಬರುವುದಿಲ್ಲ, ನನಗೆ ಯಾರೂ ವೋಟು ಹಾಕಬೇಡಿ ಎಂದು ಮನೆ ಮನೆಗೆ ಹೋಗಿ ಹೇಳಿಬರುತ್ತೇನೆ ಎಂದಳು.

"ಉಡಿ ತುಂಬಿಸ್ಕೊಂಡು ಆ ಮನಿಗೇ ಎದುರು ನಿಂತ್ರ ನನ್ನ ಮಕ್ಕಳಿಗೆ ಛಲೋ ಆಕ್ಕೈತೇನ್ ಆಯಿ?"

ಅಪ್ಪ ಚಹಾದ ಕಪ್ಪು ಕೆಳಗಿಟ್ಟು, ನೀ ಹೇಳೋದು ಖರೆ ಐತವ್ವ, ಎಲ್ಲರೂ ಒಂದಾಗಿರೋದು ಭಾಳ ಛಲೋ ಎಂದ. ಅವನ ದನಿಯಲ್ಲಿ ಗೆದ್ದ ಹಿಗ್ಗು ಇತ್ತು, ಸ್ವಲ್ಪ ಪಾಪಪ್ರಜ್ಞೆಯೂ ಇತ್ತು. ಬಾಗಿಲ ಬಳಿ ನಿಖಿತಾ ಪುಸ್ತಕ ತೆರೆದುಕೊಂಡು ಕೂತಿದ್ದಳು. ಮರುದಿನ ನೀರಿನ ದಿನ. ಅವಳು ಪುಸ್ತಕ ನೋಡುತ್ತಿರಲಿಲ್ಲ.

ನಾನು ಮನೆಯಲ್ಲಿ ದೊಡ್ಡವರ ನಡುವೆ ಬಾಯಿ ಹಾಕುವವಳಲ್ಲ. ಆದರೆ ಹಿಂದಿನ ಸಂಜೆ ತಾಟು ಹಿಡಿದವಳು ನಾನು. ನಾನು ನೋಡಿದ್ದನ್ನು ಅವರು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಆಯಿ, ಎಲ್ಲಾರೂ ಹಿಡಿ ಅಕ್ಕಿ ವಾಪಸ್ ಹಾಕ್ಯಾರ. ಗುಣಕ್ಕನೂ ಹಾಕ್ಯಾಳ. ನನ್ನ ತಾಟಿಗೇ ಹಾಕ್ಯಾಳ."

ಆಯಿ ನನ್ನ ಕಡೆ ತಿರುಗಿದಳು. ಖರೇನಾ ಎಂದು ಕೇಳಿದಳು. ಆಮೇಲೆ ಗುಣಕ್ಕನ ಮೊಣಕಾಲಿನ ಮೇಲೆ ಕೈ ಇಟ್ಟು, ನಿಧಾನವಾಗಿ ಹೇಳಿದಳು.

"ಮತ್ಯಾಕ ಅಳ್ತಿ? ಹಿಡಿ ಅಕ್ಕಿ ಹಾಕಿದಿ, ಅಲ್ಲಿಗೆ ಮುಗೀತು. ಅವರ ಮನಿ ತುಂಬಿರಲಿ ಅಂತ ನೀನೂ ಹರಸಿದಿ. ತವರಮನ್ಯಾಗ ಉಡಿ ತುಂಬಿ ಕಳಿಸಿದ ಮ್ಯಾಲ ಯಾವ ತಾಯಿ ಮಗಳ ಹಿಂದ ಬಂದು, ನಾ ತುಂಬಿದ್ದಕ್ಕ ಇದನ್ನ ಮಾಡು ಅಂತ ಕೇಳ್ತಾಳ? ಕೇಳಿದ್ರ ಅದು ಉಡಿ ಅಲ್ಲ, ಮುಂಗಡ."

ಅಪ್ಪ ತಡೆದ. ಹಿಡಿ ಅಕ್ಕಿ ಹಾಕುವುದು ಬರೀ ಶಾಸ್ತ್ರಕ್ಕೆ ಎಂದ.

"ಉಡಿ ತುಂಬೂದು ಮತ್ತೇನೋ? ಅದೂ ಶಾಸ್ತ್ರನ. ಒಂದು ಶಾಸ್ತ್ರ ದೊಡ್ಡದು, ಒಂದು ಶಾಸ್ತ್ರ ಸಣ್ಣದು ಅಂತ ಯಾವ ಯೂನಿಯನ್ನಿನ್ಯಾಗ ಠರಾವು ಮಾಡೀರಿ?" ಆಯಿ ಕೇಳಿದಳು. "ಹೆಂಗಸರ ಶಾಸ್ತ್ರದಾಗ ಕೈ ಹಾಕಬ್ಯಾಡಪ್ಪ. ನಿನಗ ತಿಳಿಯೂದಿಲ್ಲ."

ನಿಖಿತಾ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಗುಣಕ್ಕ ಅಳುತ್ತಿದ್ದವಳು ನಕ್ಕಳು.

ಆಗ ಅಪ್ಪ ನಿಜವಾದ ಮಾತು ಆಡಿದ. ಉಡಿಯ ಮಾತು ಬಿಡು ಎಂದ. ನೀನು ಗೆಲ್ಲುವುದಿಲ್ಲ, ಅದು ನಿನಗೂ ಗೊತ್ತು. ನಮ್ಮ ಗಲ್ಲಿಯ ವೋಟು ನಿನಗೆ ಬಂದರೆ ನರಸಿಂಹಣ್ಣನಿಗೆ ಅಷ್ಟು ಕಡಿಮೆಯಾಗುತ್ತದೆ. ಸುಬ್ಬರಾಯ ಗೆದ್ದು ಕೂರುತ್ತಾನೆ. ನರಸಿಂಹಣ್ಣ ಏನೂ ಮಾಡಲಿಲ್ಲ ಎನ್ನುವುದು ನಿಜ, ಆದರೆ ಅವರು ಇದ್ದುದನ್ನು ಕಿತ್ತುಕೊಳ್ಳಲಿಲ್ಲ. ಈತ ಕಿತ್ತುಕೊಳ್ಳುತ್ತಾನೆ. ಹೀಗೆ ಅವನು ಜಗಳದ ದನಿಯಿಲ್ಲದೆ ಹೇಳುತ್ತಾ ಹೋದಾಗ ನನಗೆ ಅದೂ ಸರಿ ಎನಿಸಿತು.

ಗುಣಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಗೆಲ್ಲಾಕ ನಿಂತಿಲ್ಲ ಅಣ್ಣ. ನಮ್ಮನ್ನ ಬ್ಯಾರೆ ಎಣಸ್ಲಿ ಅಂತ ನಿಂತೀನಿ."

"ಎಣಿಸಿದ್ರ ನೀರ್ ಬರ್ತೈತೇನು?"

ಗುಣಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಆದರೆ ಅವಳು ಆ ಸಂಜೆ ಮನೆ ಮನೆಗೆ ಹೋದದ್ದು, ವೋಟು ಹಾಕಬೇಡಿ ಎಂದು ಹೇಳಲು ಅಲ್ಲ. ಹಿಡಿ ಅಕ್ಕಿಯ ಮಾತು ಅವಳಿಗಿಂತ ಮೊದಲೇ ಗಲ್ಲಿಯ ತುದಿ ಮುಟ್ಟಿತ್ತು.

ಅಪ್ಪನ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಅದು ನನ್ನ ಮೊದಲ ವೋಟು. ಹಾಳುಮಾಡಲು ಮನಸ್ಸಿರಲಿಲ್ಲ. ನಾನು ತಪ್ಪು ಹಾಕಿ, ಸುಬ್ಬರಾಯರು ಗೆದ್ದು, ಇದ್ದ ನೀರೂ ಹೋದರೆ? ನಿಖಿತಾ ಆಮೇಲೆ ವಾರದ ಅರ್ಧ ದಿನಗಳೂ ಸಾಲೆಗೆ ಹೋಗಲಾರಳು. ಟ್ಯಾಂಕರಿನ ಹಿಂದೆ ಓಡಬೇಕಾದೀತು.

ಚುನಾವಣೆಯ ಹಿಂದಿನ ವಾರ ರೊಟ್ಟಿ ಕೊಡಲು ಅಪೂರ್ವ ಮೇಡಂ ಅವರ ಫ್ಲ್ಯಾಟಿಗೆ ಹೋಗಿದ್ದೆ. ಅವರು ಮೈಸೂರಿನವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೇಡಂ ಅನ್ನಬೇಡ ಎನ್ನುತ್ತಾರೆ, ನನಗೆ ಅನ್ನದೆ ಇರಲು ಬರುವುದಿಲ್ಲ. ಅವರ ಮನೆ ಸುಬ್ಬರಾಯರೇ ಕಟ್ಟಿಸಿದ ಕಟ್ಟಡದಲ್ಲಿದೆ. ನಮ್ಮ ಗಲ್ಲಿಯ ಹಿಂದಿನ ಗೋಡೆಗೂ ಅದಕ್ಕೂ ನಡುವೆ ಒಂದೇ ರಸ್ತೆ. ಅಪೂರ್ವ ಮೇಡಂ ಗುಣಕ್ಕ ಹೇಗಿದ್ದಾರೆ, ಗೆಲ್ತಾರಾ ಎಂದು ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಹಾಗಿದ್ದರೆ ಅವರಿಗೆ ಹಾಕಿದ ವೋಟು ವೇಸ್ಟ್ ಅಲ್ಲವಾ ಎಂದು ಅವರೂ ಅಂದರು. ಇಬ್ಬರಲ್ಲಿ ಯಾರು ಸ್ವಲ್ಪ ವಾಸಿಯೋ ಅವರಿಗೆ ಹಾಕುವುದು ಬುದ್ಧಿವಂತಿಕೆ ಎಂದರು. ಅವರ ಸ್ವಂತ ವೋಟು ಇನ್ನೂ ಮೈಸೂರಿನಲ್ಲೇ ಇತ್ತು. ಕಳೆದ ಸಲ ಹಾಕಲು ಹೋಗಿರಲಿಲ್ಲವಂತೆ, ರಜೆ ಸಿಕ್ಕಿರಲಿಲ್ಲವಂತೆ. ಹೀಗೆ ಹೇಳುತ್ತಾ ರೊಟ್ಟಿಯನ್ನು ಡಬ್ಬಿಗೆ ಹಾಕುತ್ತಾ, ಸುಮ್ಮನೆ ಇನ್ನೊಂದು ಮಾತು ಆಡಿದರು.

"ಈ ಸುಬ್ಬರಾಯರು, ಆ ನರಸಿಂಹ ಅನ್ನೋರು, ಇಬ್ಬರೂ ನಮ್ಮ ಬಿಲ್ಡಿಂಗಿಗೆ ಎಷ್ಟು ಸಲ ಬಂದ್ರು ಗೊತ್ತಾ? ಇಲ್ಲಿ ಯಾರು ಯಾರಿಗೆ ಹಾಕ್ತಾರೆ ಅಂತ ಅವರಿಗೆ ಗೊತ್ತಿಲ್ವಲ್ಲ, ಅದಕ್ಕೆ. ಲಿಫ್ಟ್ ರಿಪೇರಿ ಮಾಡಿಸಿಕೊಡ್ತೀವಿ ಅಂತ ಇಬ್ಬರೂ ಹೇಳಿ ಹೋದ್ರು. ಮಾಡಿಸಿದ್ದೂ ಆಯ್ತು."

ನಾನು ರಸ್ತೆ ದಾಟುವಾಗ ಅದನ್ನೇ ಯೋಚಿಸಿದೆ. ನಮ್ಮ ಗಲ್ಲಿಗೆ ನರಸಿಂಹಣ್ಣ ಬಂದದ್ದು ಒಂದೇ ಸಲ, ಅದೂ ಗುಣಕ್ಕ ನಿಂತ ಮೇಲೆ. ಸುಬ್ಬರಾಯರಂತೂ ಬರಲೇ ಇಲ್ಲ. ಒಬ್ಬರಿಗೆ ನಮ್ಮ ವೋಟು ಹೇಗೂ ಬರುತ್ತದೆ ಎಂದು ಗೊತ್ತು, ಇನ್ನೊಬ್ಬರಿಗೆ ಹೇಗೂ ಬರುವುದಿಲ್ಲ ಎಂದು ಗೊತ್ತು. ಗೊತ್ತಿರುವುದನ್ನು ಯಾರು ಬಂದು ಕೇಳುತ್ತಾರೆ? ಇಷ್ಟು ವರ್ಷ ಗಲ್ಲಿಯವರೆಲ್ಲ ಒಂದಾಗಿ ಹಾಕಿದ ವೋಟಿಗೆ ಏನಾಯಿತು ಎಂದು ನನಗೆ ನಾನೇ ಕೇಳಿಕೊಂಡೆ. ಹಾಳಾಗುವುದು ಎಂದರೆ ಅದೂ ಇರಬಹುದಲ್ಲ. ಆದರೆ ಅಪ್ಪನ ಹೆದರಿಕೆಗೆ ಇದು ಉತ್ತರವಲ್ಲ ಎಂದೂ ಗೊತ್ತಿತ್ತು. ಸುಬ್ಬರಾಯರು ಗೆಲ್ಲಬಹುದಿತ್ತು. ಅದನ್ನು ತಡೆಯುವ ಯಾವ ಉಪಾಯವೂ ನನ್ನ ಬಳಿ ಇರಲಿಲ್ಲ.

ವೋಟಿನ ದಿನ ನಾನೂ ಆಯಿಯೂ ಒಟ್ಟಿಗೆ ಹೋದೆವು. ಅವ್ವ ಕೆಲಸಕ್ಕೆ ಹೋಗುವ ಮೊದಲೇ ಹಾಕಿ ಬರಬೇಕೆಂದಿದ್ದಳು, ಬೂತಿನ ಬಾಗಿಲು ತೆರೆದಿರಲಿಲ್ಲ, ಹಾಗೇ ಹೋದಳು. ಬೂತು ಇದ್ದ ಸಾಲೆಯ ಗೇಟಿನ ಹೊರಗೆ ಅಪ್ಪ ನರಸಿಂಹಣ್ಣನವರ ಮೇಜಿನ ಹಿಂದೆ ಕೂತಿದ್ದ. ನಮ್ಮನ್ನು ಕಂಡು ಗಂಭೀರವಾಗಿ ಚೀಟಿ ಕೊಟ್ಟ. ಆಯಿಗೆ, ಮ್ಯಾಲಿನಿಂದ ಎರಡನೇದು ಯವ್ವಾ ಎಂದು ಮೆಲ್ಲಗೆ ಹೇಳಿದ. ಆಯಿ, ನನಗ ಕಣ್ಣು ಕಾಣ್ತಾವಪ್ಪ ಎಂದಳು.

ಒಳಗೆ ರಟ್ಟಿನ ಮರೆ, ಅದರ ಹಿಂದೆ ಯಂತ್ರ. ಹೆಸರುಗಳು ತೆಲುಗಿನಲ್ಲಿದ್ದವು, ನಿಧಾನವಾಗಿ ಓದಿದರೆ ನನಗೆ ಓದಲು ಬರುತ್ತದೆ. ಓದುವ ಅವಶ್ಯಕತೆ ಇರಲಿಲ್ಲ. ಹೊಲಿಗೆ ಯಂತ್ರ ಕೆಳಗಿನ ಕಡೆ ಸಣ್ಣದಾಗಿ ಇತ್ತು. ಬೆರಳು ಅದರ ಮುಂದೆ ನಿಂತಿತು. ಹೊರಗೆ ಕೂತ ಅಪ್ಪನ ಮುಖ ನೆನಪಾಯಿತು. ಆಮೇಲೆ, ಬಾಗಿಲ ಬಳಿ ಪುಸ್ತಕ ತೆರೆದು ಓದದೆ ಕೂತ ನಿಖಿತಾ ನೆನಪಾದಳು. ಒತ್ತಿದೆ. ಆ ವೋಟಿನ ಯಂತ್ರ ಅಷ್ಟು ಉದ್ದಕ್ಕೆ ಕೂಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಡೀ ಕೋಣೆಗೆ ನಾನು ಏನು ಮಾಡಿದೆನೆಂದು ತಿಳಿಯಿತೇನೋ ಎಂದು ಸುತ್ತ ನೋಡಿದೆ. ಯಾರೂ ತಲೆಯೆತ್ತಿ ನೋಡಲಿಲ್ಲ.

ಸುಬ್ಬರಾಯರು ಗೆದ್ದರು. ತೀರಾ ಸ್ವಲ್ಪದರಲ್ಲಿ ಗೆದ್ದರು. ನರಸಿಂಹಣ್ಣ ಎರಡನೆಯವರು, ಗುಣಕ್ಕ ಮೂರನೆಯವಳು. ಆದರೆ ನಮ್ಮ ಗಲ್ಲಿಯ ಬೂತಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ ಇದ್ದದ್ದು ಹೊಲಿಗೆ ಯಂತ್ರ. ಆ ವೋಟುಗಳು ನರಸಿಂಹಣ್ಣನಿಗೆ ಹೋಗಿದ್ದರೆ ಅವರೇ ಗೆಲ್ಲುತ್ತಿದ್ದರು. ಇದನ್ನು ಲೆಕ್ಕ ಹಾಕಲು ಯಾರಿಗೂ ಕಷ್ಟವಾಗಲಿಲ್ಲ.

ಆ ದಿನ ಅಪ್ಪ ಊಟ ಮಾಡಲಿಲ್ಲ. ಸುಬ್ಬರಾಯರ ಮೆರವಣಿಗೆ ನಮ್ಮ ಗಲ್ಲಿಯ ಬಾಯಿಯಲ್ಲಿ ಪಟಾಕಿ ಹೊಡೆದು ಮುಂದೆ ಹೋಯಿತು. ರೊಟ್ಟಿ ಕೇಂದ್ರದಲ್ಲಿ ಗುಣಕ್ಕ ಹಿಟ್ಟು ನಾದುತ್ತಾ, ನಿಮ್ಮಪ್ಪ ಹೇಳಿದ್ದ ಖರೆ ಆತು ನೋಡು ಎಂದಳು. ಮುಂದಿನ ನೀರಿನ ದಿನ ನಳ ತಿರುಗಿಸುವಾಗ ನಮಗೆಲ್ಲ ಹೆದರಿಕೆ. ನೀರು ಬಂತು, ಎಂದಿನಂತೆ ಹತ್ತು ಗಂಟೆಯ ಮೇಲೆ. ನಿಖಿತಾ ಎಂದಿನಂತೆ ಮನೆಯಲ್ಲಿ ಉಳಿದು ತುಂಬಿದಳು.

ಎರಡು ದಿನ ಬಿಟ್ಟು ಗುಣಕ್ಕ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಸುಬ್ಬರಾಯರ ಮನೆಗೆ ಹೊರಟಳು. ಹೆಚ್ಚೆಂದರೆ ಗೇಟಿನ ಹೊರಗೆ ನಿಲ್ಲಿಸುತ್ತಾರೆ, ನಿಂತು ರೂಢಿ ಇದೆಯಲ್ಲ ಎಂದಳು. ನಾನೂ ಹೋದೆ. ಗೇಟಿನವನು ಯಾರೆಂದು ಕೇಳಿದ. ಗುಣಕ್ಕ ಹೆಸರು ಹೇಳಿದಳು, ಅವನಿಗೆ ತಿಳಿಯಲಿಲ್ಲ. ಹೊಲಿಗೆ ಯಂತ್ರ ಎಂದಳು. ಅವನು ಒಳಗೆ ಓಡಿಹೋದ. ಸುಬ್ಬರಾಯರು ತಾವೇ ಹೊರಗೆ ಬಂದು, ಬನ್ನಿ ಅಮ್ಮಾ, ಒಳಗೆ ಬನ್ನಿ ಎಂದು ತೆಲುಗಿನಲ್ಲಿ ಕರೆದು ಕುರ್ಚಿ ಹಾಕಿಸಿದರು. ನಮ್ಮ ಬೂತಿನಲ್ಲಿ ಅವಳಿಗೆ ಎಷ್ಟು ಬಿದ್ದಿತ್ತೆಂದು ನಮಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಆ ವೋಟುಗಳು ನರಸಿಂಹಣ್ಣನ ಪೆಟ್ಟಿಗೆಯಿಂದ ಹೊರಗೆ ಬಂದಿವೆ, ಇನ್ನು ಯಾರ ಕಡೆಗೂ ಹೋಗಬಹುದು ಎಂಬುದು ಅವರ ನಗುವಿನಲ್ಲೇ ಕಾಣುತ್ತಿತ್ತು.

ಅವರು ದೊಡ್ಡ ದೊಡ್ಡ ಮಾತು ಶುರುಮಾಡಿದರು. ಹೊಸ ಪೈಪು, ಹೊಸ ಟ್ಯಾಂಕು. ಗುಣಕ್ಕ ನಡುವೆ ತಡೆದು, ಅದೆಲ್ಲ ಆಮೇಲೆ ಎಂದಳು.

"ನಿಮ್ಮ ಬಿಲ್ಡಿಂಗಿಗೆ ಟ್ಯಾಂಕ್ ಅದಾವ್ರಿ. ಹಗಲಿನ್ಯಾಗ ಯಾವಾಗ ಬಿಟ್ರೂ ತುಂಬ್ತಾವ. ನಮ್ಮ ಹುಡುಗ್ಯಾರ ಸಾಲಿ ಹಗಲಿನ್ಯಾಗ ಎರಡು ಸಲ ನಡೆಯೂದಿಲ್ರಿ. ನಮಗ ನಸುಕಿನ್ಯಾಗ ಬಿಡ್ರಿ, ನಿಮಗ ಹತ್ತಕ್ಕ ಬಿಟ್ಕೊರ್ರಿ. ಅಷ್ಟ."

ಅವಳು ಕನ್ನಡದಲ್ಲೇ ಹೇಳಿದಳು, ನಾನು ತೆಲುಗಿಗೆ ತಿರುಗಿಸಿದೆ. ಒಂದು ಮಾತೂ ಬಿಡಲಿಲ್ಲ. ಸುಬ್ಬರಾಯರು ನೋಡೋಣ ಎಂದರು. ನೋಡೋಣ ಎಂಬುದನ್ನು ನಾವು ಮೊದಲೂ ಕೇಳಿದ್ದೆವು.

ಕೇಳದೆ ಇದ್ದದ್ದು ಮುಂದಿನದು. ನಾವು ಸುಬ್ಬರಾಯರ ಮನೆಗೆ ಹೋಗಿ ಕುರ್ಚಿಯಲ್ಲಿ ಕೂತು ಬಂದ ಸುದ್ದಿ ನರಸಿಂಹಣ್ಣನವರಿಗೆ ಅದೇ ದಿನ ಮುಟ್ಟಿತು. ಸಂಜೆ ಅವರು ನಮ್ಮ ಮನೆಯ ಮುಂದೆ ಬಂದು ನಿಂತರು. ಸೋತವರು ಗಲ್ಲಿಗೆ ಬಂದದ್ದು ನಾವು ನೋಡಿದ್ದು ಅದೇ ಮೊದಲು. ಅಪ್ಪ ಗಡಬಡಿಸಿ ಹೊರಗೆ ಹೋದ. ನರಸಿಂಹಣ್ಣನವರು, ನೀರಿನ ಆಫೀಸಿನ ಸಾಹೇಬರು ನನಗೆ ಬೇಕಾದವರು, ನಾನೂ ಒಂದು ಮಾತು ಹೇಳುತ್ತೇನೆ, ಈ ಕೆಲಸ ನನ್ನ ಕಾಲದಲ್ಲೇ ಆಗಬೇಕಿತ್ತು, ಶಾಂತಪ್ಪ, ನೀನಾದರೂ ಗಟ್ಟಿಯಾಗಿ ಕೇಳಬಾರದಿತ್ತೇ ಎಂದರು. ಅಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದ. ಅವರನ್ನು ಗಲ್ಲಿಯ ತುದಿಯವರೆಗೆ ಕಳಿಸಿ ಬಂದ. ಆಮೇಲೆ ಒಳಗೆ ಬಂದು, ನನ್ನನ್ನು ನೋಡಿ ಕೇಳಿದ.

"ನೀ ಯಾರಿಗೆ ಹಾಕಿದಿ?"

"ಗುಣಕ್ಕಗ."

"ನಿಮ್ಮ ಆಯಿ?"

"ಆಯಿನ್ನ ಕೇಳ್ರಿ."

ಅವನು ಆಯಿಯ ಕಡೆ ನೋಡಿದ. ಆಯಿ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದ್ದಳು. ಅಪ್ಪ ಕೇಳಲಿಲ್ಲ. ತಾಟು ತಗೊಂಡು ಊಟಕ್ಕೆ ಕೂತ. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ನೀರು ಮರುದಿನವೇ ನಸುಕಿಗೆ ಬಂದುಬಿಡಲಿಲ್ಲ. ಒಂದು ಸಲ ಬಂತು, ಎಲ್ಲರೂ ಕುಣಿದಾಡಿದೆವು. ಮುಂದಿನ ಸಲ ಮತ್ತೆ ಹತ್ತಕ್ಕೆ ಹೋಯಿತು. ಗುಣಕ್ಕ ಮತ್ತೆ ಹೆಂಗಸರನ್ನು ಎಬ್ಬಿಸಿದಳು. ಈ ಸಲ ಆಫೀಸಿಗೆ ನಮ್ಮ ಜೊತೆ ಅಪ್ಪನೂ ಬಂದ, ಯೂನಿಯನ್ ಕಾಲದ ಹಳೆಯ ದನಿ ತೆಗೆದು ಮಾತಾಡಿದ. ಸಾಹೇಬರಿಗೆ ಎರಡೂ ಕಡೆಯಿಂದ ಫೋನು ಬಂದಿತ್ತಂತೆ. ಒಬ್ಬರ ಫೋನಾದರೆ ತಳ್ಳಿಹಾಕಬಹುದು, ಇಬ್ಬರದೂ ಬಂದರೆ ನಾನೇನು ಮಾಡಲಿ ಎಂದು ಆ ಮನುಷ್ಯ ಕೈ ಚೆಲ್ಲಿದ. ಆಮೇಲೆ ನೀರು ನಸುಕಿನಲ್ಲೇ ಬರುವುದು ಖಾಯಂ ಆಯಿತು. ಪೈಪೂ ಬಂದಿಲ್ಲ, ಟ್ಯಾಂಕೂ ಬಂದಿಲ್ಲ, ದಿನಾ ಬರುವುದೂ ಇಲ್ಲ. ಇನ್ನೂ ದಿನ ಬಿಟ್ಟು ದಿನವೇ. ಅದಕ್ಕಾಗಿ ಗುಣಕ್ಕ ಮತ್ತೆ ಓಡಾಡುತ್ತಿದ್ದಾಳೆ, ಮುಂದಿನ ಸಲವೂ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ.

ನಸುಕಿನ ನೀರು ಖಾಯಂ ಆದ ಮೊದಲ ವಾರ, ಒಂದು ನೀರಿನ ದಿನ, ಬೆಳಕು ಮೂಡುವಷ್ಟರಲ್ಲಿ ನಮ್ಮ ಮನೆಯ ಕೊಡಗಳೆಲ್ಲ ತುಂಬಿ ಸಾಲಾಗಿ ನಿಂತಿದ್ದವು. ನಿಖಿತಾ ಜಡೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಹೊರಟಳು. ಗಲ್ಲಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿದಳು. ನೀರಿನ ದಿನ ಯಾರೂ ಕೂಗಿ ವಾಪಸು ಕರೆಯುವುದಿಲ್ಲವೆಂದು ಅವಳ ಕಾಲಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಗಲ್ಲಿಯಲ್ಲಿ ಜನ ಇದ್ದರು. ನಾನು ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದವಳಲ್ಲ.

"ಹೋಗ, ಹೊತ್ತಾಕ್ಕೈತಿ" ಎಂದು ಕೂಗಿದೆ.

ಅವಳು ಹೋದಳು.